ಕೋಚ್ ಪಿಚ್ ಸಾಫ್ಟ್‌ಬಾಲ್: ಮಕ್ಕಳ ಪಂದ್ಯ ನಡೆಸಲು ಹೊರಟವರಿಗೆ ನಿಯಮಗಳು, ಹಂತ ಹಂತವಾಗಿ

ಏಳು ವರ್ಷದ ಮಗುವಿನ ಕೈಗೆ ಚೆಂಡು ಕೊಟ್ಟು, ಹತ್ತು ಮೀಟರ್ ದೂರದಲ್ಲಿ ನಿಂತಿರುವ ಬ್ಯಾಟರ್‌ಗೆ ಸರಿಯಾಗಿ ಸಿಗುವಂತೆ ಪಿಚ್ ಮಾಡು, ಅಂದರೆ ಚೆಂಡು ಹಾಕು, ಎಂದರೆ ಒಂದು ಚೆಂಡು ತಲೆಯ ಮೇಲೆ ಹೋಗುತ್ತದೆ, ಇನ್ನೊಂದು ನೆಲ ಕಚ್ಚುತ್ತದೆ, ಮತ್ತೊಂದು ಬ್ಯಾಟರ್‌ಳ ಬೆನ್ನ ಹಿಂದೆ ಹಾದುಹೋಗುತ್ತದೆ. ಹೀಗೆ ಗುರಿ ತಪ್ಪಿದ, ಅವಳು ಬೀಸದೆ ಬಿಟ್ಟ ಚೆಂಡಿಗೆ 'ಬಾಲ್' ಎನ್ನುತ್ತಾರೆ; ನಾಲ್ಕು ಬಾಲ್ ಆದ ಕೂಡಲೇ ಅವಳು ಬ್ಯಾಟ್ ಬೀಸದೆಯೇ ಓಟದ ಮೊದಲ ನಿಲ್ದಾಣವಾದ ಒಂದನೇ ಬೇಸ್‌ಗೆ ನಡೆದು ಹೋಗುತ್ತಾಳೆ. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಹೊಡೆತವೂ ಇಲ್ಲ, ಓಟವೂ ಇಲ್ಲ. ಔಟ್‌ಫೀಲ್ಡ್‌ನಲ್ಲಿ ನಿಂತ ಮಕ್ಕಳು ಹುಲ್ಲು ಕೀಳುತ್ತಾ ಕೂತುಬಿಡುತ್ತಾರೆ. ಈ ವಯಸ್ಸಿನಲ್ಲಿ ಕೋಚ್ ತಾವೇ ಪಿಚ್ ಮಾಡುವ ಕ್ರಮ ಬಂದಿರುವುದು ಇದಕ್ಕಾಗಿ. ಅದೂ ಎದುರಾಳಿ ತಂಡದ ಕೋಚ್ ಅಲ್ಲ, ಬ್ಯಾಟ್ ಮಾಡುತ್ತಿರುವ ತಂಡದ ಕೋಚೇ ತಮ್ಮ ಮಕ್ಕಳಿಗೆ ಚೆಂಡು ಹಾಕುತ್ತಾರೆ.

ಅಂದರೆ ಇಲ್ಲಿ ಪಿಚ್ ಮಾಡುವವರ ಕೆಲಸ ಬ್ಯಾಟರ್‌ಳನ್ನು ಔಟ್ ಮಾಡುವುದಲ್ಲ, ಅವಳ ಕೈಯಲ್ಲಿ ಚೆಂಡನ್ನು ಹೊಡೆಸುವುದು. ಕೋಚ್ ಪಿಚ್ಚಿನ ಒಂದೊಂದು ನಿಯಮವನ್ನೂ ಈ ಮಾತು ನೆನಪಿಟ್ಟುಕೊಂಡು ಓದಿದರೆ, ಅದು ಯಾಕೆ ಹಾಗಿದೆ ಎಂಬುದು ತಾನಾಗಿಯೇ ಅರ್ಥವಾಗುತ್ತದೆ. ಸ್ಟ್ಯಾಂಡಿನ ಮೇಲಿಟ್ಟ ಚೆಂಡನ್ನು ಹೊಡೆಯುವ ಟೀ ಬಾಲ್ ಮುಗಿಸಿದ, ಆದರೆ ಮಕ್ಕಳೇ ಪಿಚ್ ಮಾಡುವ ಆಟಕ್ಕೆ ಇನ್ನೂ ತಯಾರಾಗದ ಮಕ್ಕಳಿಗಾಗಿ ಇರುವ ಹಂತ ಇದು. ಸಾಮಾನ್ಯವಾಗಿ ಆರರಿಂದ ಎಂಟು ವರ್ಷದವರು ಆಡುತ್ತಾರೆ. ಅಮೆರಿಕದಲ್ಲಿ ಈ ಆಟಕ್ಕೆ ಸೇರುವವರಲ್ಲಿ ಹುಡುಗಿಯರೇ ಹೆಚ್ಚು.

ಹಂತ 1: ನಿಮ್ಮ ಲೀಗ್‌ನ ನಿಯಮದ ಹಾಳೆ ಮೊದಲು ಓದಿ

ಸಾಫ್ಟ್‌ಬಾಲ್ 1887ರಲ್ಲಿ ಶಿಕಾಗೋ ನಗರದ ಒಂದು ಬೋಟ್ ಕ್ಲಬ್ಬಿನ ಒಳಾಂಗಣದಲ್ಲಿ, ಬಾಕ್ಸಿಂಗ್ ಗ್ಲೌಸನ್ನು ಕಟ್ಟಿ ಚೆಂಡು ಮಾಡಿಕೊಂಡು, ಪೊರಕೆ ಕೋಲನ್ನೇ ಬ್ಯಾಟ್ ಮಾಡಿಕೊಂಡು ಶುರುವಾದ ಆಟ. ಇವತ್ತು ಅಮೆರಿಕದಲ್ಲಿ ಇದಕ್ಕೆ ದೊಡ್ಡ ದೊಡ್ಡ ಸಂಸ್ಥೆಗಳಿವೆ. ಯುಎಸ್‌ಎ ಸಾಫ್ಟ್‌ಬಾಲ್ 1933ರಿಂದ ಬೇರೆ ಹೆಸರಿನಲ್ಲಿದ್ದು 2017ರಲ್ಲಿ ಈಗಿನ ಹೆಸರು ಪಡೆಯಿತು. ಲಿಟಲ್ ಲೀಗ್ 1974ರಲ್ಲಿ ಸಾಫ್ಟ್‌ಬಾಲ್ ವಿಭಾಗ ತೆರೆಯಿತು. ಎರಡಕ್ಕೂ ಅಚ್ಚಾದ ನಿಯಮ ಪುಸ್ತಕಗಳಿವೆ. ಆದರೆ ಕೋಚ್ ಪಿಚ್ ವಿಭಾಗದಲ್ಲಿ ಪಂದ್ಯ ನಿಜವಾಗಿ ನಡೆಯುವುದು ಆ ಪುಸ್ತಕದ ಜೊತೆಗೆ ಸ್ಥಳೀಯ ಲೀಗ್ ಸೇರಿಸಿದ ಒಂದೆರಡು ಪುಟಗಳ ಮೇಲೆ. ಪಕ್ಕದ ಊರಿನ ಲೀಗ್‌ನಲ್ಲಿ ಐದು ಪಿಚ್ ಇದ್ದರೆ ನಿಮ್ಮಲ್ಲಿ ಆರು ಇರಬಹುದು. ಅಲ್ಲಿ ಒಂಬತ್ತು ಮಂದಿ ಫೀಲ್ಡಿಗಿಳಿದರೆ ಇಲ್ಲಿ ಹತ್ತು.

ಹಾಗಾಗಿ ಈ ಲೇಖನದಲ್ಲಿ 'ಸಾಮಾನ್ಯವಾಗಿ' ಎಂದು ಬರೆದ ಕಡೆಯೆಲ್ಲ ನಿಮ್ಮ ಹಾಳೆಯಲ್ಲಿ ಏನಿದೆ ಎಂದು ಒಮ್ಮೆ ನೋಡಿಕೊಳ್ಳಿ. ಓದುವಾಗ ಪೆನ್ನು ಹಿಡಿದು ಈ ಕೆಲವನ್ನು ಗುರುತು ಮಾಡಿ: ಒಬ್ಬ ಬ್ಯಾಟರ್‌ಗೆ ಎಷ್ಟು ಪಿಚ್, ಒಂದು ಇನ್ನಿಂಗ್ಸ್‌ಗೆ ಗರಿಷ್ಠ ಎಷ್ಟು ರನ್, ಚೆಂಡು ಕೋಚ್‌ಗೆ ತಾಗಿದರೆ ಏನು, ಗುರಿ ತಪ್ಪಿದ ಥ್ರೋಗೆ ರನ್ನರ್‌ಗಳು ಎಷ್ಟು ಬೇಸ್ ಹೋಗಬಹುದು, ಆಟ ನಿಲ್ಲುವುದು ಯಾವಾಗ. ಮೈದಾನದಲ್ಲಿ ದೊಡ್ಡವರ ನಡುವೆ ಎದ್ದೇಳುವ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಐದರಲ್ಲಿ ಯಾವುದಾದರೂ ಒಂದರ ಮೇಲೆಯೇ. ಪಂದ್ಯಕ್ಕೆ ಹತ್ತು ನಿಮಿಷ ಮೊದಲು ಎದುರು ತಂಡದ ಕೋಚ್ ಮತ್ತು ಅಂಪೈರ್ ಜೊತೆ ಹೋಂ ಪ್ಲೇಟ್ (ಬ್ಯಾಟರ್ ನಿಲ್ಲುವ, ಬೇಸ್‌ಗಳನ್ನೆಲ್ಲ ಸುತ್ತಿಬಂದು ಮುಟ್ಟಿದರೆ ರನ್ ಆಗುವ ಜಾಗ) ಹತ್ತಿರ ನಿಂತು ಇವನ್ನು ಬಾಯಿಬಿಟ್ಟು ಹೇಳಿಕೊಳ್ಳಿ. 'ಇದು ಎಲ್ಲರಿಗೂ ಗೊತ್ತಿರುವುದೇ' ಎಂದು ಬಿಟ್ಟರೆ ಮೂರನೇ ಇನ್ನಿಂಗ್ಸ್‌ನಲ್ಲಿ ಅದೇ ವಿಷಯಕ್ಕೆ ಆಟ ನಿಲ್ಲುತ್ತದೆ, ಮಕ್ಕಳು ನೋಡುತ್ತಾ ನಿಲ್ಲುತ್ತಾರೆ.

ಹಂತ 2: ಮೈದಾನ ಅಳೆದು ಗುರುತು ಹಾಕಿ

ಬೇಸ್‌ನಿಂದ ಬೇಸ್‌ಗೆ 60 ಅಡಿ, ಅಂದರೆ ಸುಮಾರು 18.3 ಮೀಟರ್. ತೀರಾ ಚಿಕ್ಕವರಿಗೆ 50 ಅಡಿಗೆ ಇಳಿಸುವ ಲೀಗ್‌ಗಳೂ ಇವೆ. ಹೋಂ ಪ್ಲೇಟ್ 17 ಇಂಚು ಅಗಲದ ಐದು ಮೂಲೆಯ ಹಲಗೆ. ಅದರ ಚೂಪು ತುದಿ, ಪ್ಲೇಟಿನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಕಡೆಗಿರಬೇಕು. ಹತ್ತು ವರ್ಷದೊಳಗಿನ ಮಕ್ಕಳು ತಾವೇ ಪಿಚ್ ಮಾಡುವಾಗ ದೂರ 35 ಅಡಿ, ಹನ್ನೆರಡರೊಳಗಿನವರಿಗೆ 40 ಅಡಿ. ಕೋಚ್ ಪಿಚ್‌ನಲ್ಲಿ ಕೋಚ್ ಸಾಮಾನ್ಯವಾಗಿ 30ರಿಂದ 35 ಅಡಿ ದೂರದಲ್ಲಿ ನಿಲ್ಲುತ್ತಾರೆ.

ಪಿಚ್ ಮಾಡುವ ಜಾಗದ ಹಲಗೆಯಾದ ಪಿಚಿಂಗ್ ಪ್ಲೇಟ್ ಸುತ್ತ ಒಂದು ವೃತ್ತ ಎಳೆಯುವುದನ್ನು ಮರೆಯಬೇಡಿ. ಪ್ಲೇಟ್ ನಡುವಿಗೆ ಗೂಟ ಹೊಡೆದು 8 ಅಡಿ ಹಗ್ಗ ಕಟ್ಟಿ, ಹಗ್ಗ ಸಡಿಲವಾಗದಂತೆ ಎಳೆದು ಸುತ್ತಲೂ ಸುಣ್ಣದ ಪುಡಿ ಬಿಡುತ್ತಾ ಬಂದರೆ ಆಯಿತು. ನೋಡುವುದಕ್ಕೆ ಅಲಂಕಾರದ ಹಾಗೆ ಕಾಣುವ ಈ ವೃತ್ತವೇ ಕೋಚ್ ಪಿಚ್‌ನಲ್ಲಿ ಆಟವನ್ನು ನಿಲ್ಲಿಸುವ ಜಾಗ; ಮುಂದೆ ಮತ್ತೆ ಬರುತ್ತದೆ. ಜೊತೆಗೆ ಒಂದು, ಎರಡು, ಮೂರನೇ ಬೇಸ್‌ಗಳ ನಡುವೆಯೂ, ಮೂರನೇ ಬೇಸ್ ಮತ್ತು ಹೋಂ ನಡುವೆಯೂ ಅರ್ಧ ದೂರದಲ್ಲಿ, ಅಂದರೆ 30 ಅಡಿಗೆ, ಓಟದ ಹಾದಿಗೆ ಅಡ್ಡಲಾಗಿ ಒಂದೊಂದು ಗೆರೆ ಎಳೆಯಿರಿ. ಅನೇಕ ಲೀಗ್‌ಗಳಲ್ಲಿ ಇದು ಕಡ್ಡಾಯ. ಕಡ್ಡಾಯವಿಲ್ಲದ ಕಡೆಯೂ ಅಂಪೈರ್‌ಗೆ ಇದರಿಂದ ದೊಡ್ಡ ಉಪಕಾರ.

ಒಂದನೇ ಬೇಸ್‌ಗೆ ಸಾಧ್ಯವಿದ್ದರೆ ಜೋಡಿ ಬೇಸ್ ಹಾಕಿ. ಬಿಳಿ ಭಾಗ ಮೈದಾನದ ಒಳಗೆ, ಕಿತ್ತಳೆ ಭಾಗ ಮೈದಾನದ ಅಂಚಿನ ಫೌಲ್ ಗೆರೆಯ ಆಚೆಗೆ. ಫೀಲ್ಡರ್ ಬಿಳಿಯದನ್ನು ಮೆಟ್ಟುತ್ತಾಳೆ, ಓಡಿ ಬರುವವಳು ಕಿತ್ತಳೆಯದನ್ನು ಮೆಟ್ಟುತ್ತಾಳೆ. ಒಬ್ಬಳು ಚೆಂಡಿನ ಮೇಲೆ ಕಣ್ಣಿಟ್ಟು ನಿಂತಿರುವಾಗ ಇನ್ನೊಬ್ಬಳು ಪೂರ್ತಿ ವೇಗದಲ್ಲಿ ಬಂದು ಗುದ್ದಿಕೊಳ್ಳುವುದನ್ನು ಇದಕ್ಕಿಂತ ಚೆನ್ನಾಗಿ ತಪ್ಪಿಸುವ ಉಪಾಯ ಇಲ್ಲ.

ಚೆಂಡು 11 ಇಂಚು ಸುತ್ತಳತೆಯದು. ದೊಡ್ಡ ಮಕ್ಕಳು ಆಡುವುದು 12 ಇಂಚಿನದರಲ್ಲಿ, ಅದನ್ನು ಇಲ್ಲಿ ತರಬೇಡಿ. ಈ ವಯಸ್ಸಿಗೆಂದೇ ಬರುವ ಮೆತ್ತನೆಯ ಒಳಭಾಗದ ಚೆಂಡು ಸಿಗುತ್ತದೆ; ಅದನ್ನೇ ತನ್ನಿ. ಮೊದಲ ತಿಂಗಳಲ್ಲೇ ಗಟ್ಟಿ ಚೆಂಡು ಮುಖಕ್ಕೆ ಬಡಿದ ಮಗು ಆಮೇಲೆ ಇಡೀ ಸೀಸನ್ ಚೆಂಡು ಬಂದಾಗಲೆಲ್ಲ ಮುಖ ತಿರುಗಿಸುತ್ತದೆ. ಆ ಹೆದರಿಕೆ ಬಿಡಿಸುವುದು ಬಹಳ ಕಷ್ಟ.

ಬ್ಯಾಟ್ ಮಾಡುವವಳೂ ಬೇಸ್‌ಗಳ ಮೇಲೆ ಓಡುವವರೂ ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್ ಹಾಕಿರಬೇಕು. ಕ್ಯಾಚರ್‌ಗೆ ಮುಖಕವಚ, ಎದೆಕವಚ, ಮೊಣಕಾಲು ಕವಚ. ವೃತ್ತದಲ್ಲಿ ನಿಲ್ಲುವ ಹುಡುಗಿಗೂ ಫೀಲ್ಡರ್‌ಗಳ ಮುಖಕವಚ ಹಾಕಿಸಿ, ನಿಮ್ಮ ಲೀಗ್ ಕೇಳದಿದ್ದರೂ ಹಾಕಿಸಿ. ಇನ್ನೊಂದು ವಿಷಯ: ಬ್ಯಾಟ್ ಹಿಡಿದಿರಬೇಕಾದವಳು ಹೋಂ ಪ್ಲೇಟ್‌ನಲ್ಲಿರುವ ಬ್ಯಾಟರ್ ಒಬ್ಬಳೇ. ಮುಂದಿನ ಸರದಿಯವಳು ಹೊರಗೆ ನಿಂತು ಬ್ಯಾಟ್ ಬೀಸಿ ಕೈ ಸಡಿಲ ಮಾಡಿಕೊಳ್ಳುವುದಕ್ಕೆ ಲಿಟಲ್ ಲೀಗ್ ಈ ವಯಸ್ಸಿನವರಿಗೆ ಅವಕಾಶವನ್ನೇ ಕೊಡುವುದಿಲ್ಲ. ಡಗೌಟ್‌ನಲ್ಲಿ ಬ್ಯಾಟ್‌ಗಳೆಲ್ಲ ಒಂದು ಕಡೆ ಒರಗಿರಲಿ, ಪಕ್ಕದಲ್ಲಿ ಒಬ್ಬ ಪೋಷಕರು ಇರಲಿ.

ಹಂತ 3: ಯಾರು ಎಲ್ಲಿ

ಸಾಫ್ಟ್‌ಬಾಲ್‌ನಲ್ಲಿ ಫೀಲ್ಡಿಗೆ ಇಳಿಯುವವರು ಒಂಬತ್ತು ಮಂದಿ. ಕೋಚ್ ಪಿಚ್‌ನಲ್ಲಿ ಸಾಮಾನ್ಯವಾಗಿ ಹತ್ತು. ಹೆಚ್ಚಿನವಳು ನಾಲ್ಕನೇ ಔಟ್‌ಫೀಲ್ಡರ್. ಔಟ್‌ಫೀಲ್ಡರ್‌ಗಳು ಚೆಂಡು ಬ್ಯಾಟ್‌ಗೆ ತಾಗುವವರೆಗೂ ಬೇಸ್‌ಗಳ ಆಚೆಯ ಹುಲ್ಲಿನ ಮೇಲೆಯೇ ಇರಬೇಕು. ಈ ನಿಯಮ ಇಲ್ಲದಿದ್ದರೆ ನಾಲ್ವರೂ ಮುಂದೆ ಬಂದು ಬೇಸ್‌ಗಳ ನಡುವೆ ಗೋಡೆ ಕಟ್ಟುತ್ತಾರೆ, ಚಿಕ್ಕ ಮಕ್ಕಳ ಹೊಡೆತ ಅದನ್ನು ದಾಟುವುದೇ ಇಲ್ಲ.

ಪಿಚ್ ಮಾಡುವುದು ಕೋಚ್ ಆದರೂ ಫೀಲ್ಡಿಂಗ್ ತಂಡದ ಒಬ್ಬಳು 'ಪಿಚರ್' ಜಾಗದಲ್ಲಿ ನಿಲ್ಲುತ್ತಾಳೆ. ಅವಳು ಕೋಚ್‌ನ ಎಡಕ್ಕೋ ಬಲಕ್ಕೋ ನಿಲ್ಲಬಹುದು, ಒಂದು ಕಾಲಾದರೂ ವೃತ್ತದೊಳಗಿರಬೇಕು, ಕೋಚ್‌ಗಿಂತ ಮುಂದೆ ಹೋಗಬಾರದು. ಈ ಕೊನೆಯದನ್ನು ಕಟ್ಟುನಿಟ್ಟಾಗಿ ಪಾಲಿಸಿ. ಬ್ಯಾಟ್‌ನಿಂದ ನೇರ ಸಿಡಿದು ಬರುವ ಚೆಂಡಿಗೆ ಬೇರೆಲ್ಲರಿಗಿಂತ ಹತ್ತಿರ ಇರುವವಳು ಅವಳು.

ಬ್ಯಾಟಿಂಗ್ ಸರದಿಯಲ್ಲಿ ಹಾಜರಿರುವ ಎಲ್ಲ ಮಕ್ಕಳ ಹೆಸರೂ ಇರಬೇಕು, ಆ ಕ್ಷಣ ಫೀಲ್ಡ್‌ನಲ್ಲಿ ಆಡದವರದ್ದೂ. ಹನ್ನೆರಡು ಮಕ್ಕಳು ಬಂದಿದ್ದರೆ ಹನ್ನೆರಡು ಹೆಸರು. ಹನ್ನೆರಡನೆಯವಳ ನಂತರ ಮತ್ತೆ ಮೊದಲನೆಯವಳು. ಹಿಂದಿನ ಇನ್ನಿಂಗ್ಸ್ ಯಾರ ಹತ್ತಿರ ನಿಂತಿತೋ ಅವಳ ಮುಂದಿನವಳಿಂದ ಹೊಸ ಇನ್ನಿಂಗ್ಸ್ ಶುರು. ಫೀಲ್ಡಿಂಗ್‌ನಲ್ಲಿ ಯಾರೂ ಸತತ ಎರಡು ಇನ್ನಿಂಗ್ಸ್ ಹೊರಗೆ ಕೂರಬಾರದು ಎಂಬುದನ್ನು ಬಹುತೇಕ ಲೀಗ್‌ಗಳು ಬರೆದೇ ಇಟ್ಟಿರುತ್ತವೆ. ಜಾಗಗಳನ್ನೂ ಬದಲಿಸುತ್ತಿರಿ. ಎಂಟು ವರ್ಷದ ಮಗುವನ್ನು 'ಇವಳು ಔಟ್‌ಫೀಲ್ಡ್‌ಗೇ ಸರಿ' ಎಂದು ತೀರ್ಮಾನಿಸಿಬಿಡುವ ಅಧಿಕಾರ ಯಾರಿಗೂ ಇಲ್ಲ. ಒಂದೇ ಒಂದು ಎಚ್ಚರಿಕೆ: ಎಸೆದ ಚೆಂಡನ್ನು ಗ್ಲೌಸ್‌ನಲ್ಲಿ ಹಿಡಿಯಲು ಇನ್ನೂ ಬಾರದ ಮಗುವನ್ನು ಒಂದನೇ ಬೇಸ್‌ನಲ್ಲಿ ನಿಲ್ಲಿಸಬೇಡಿ. ಥ್ರೋಗಳೆಲ್ಲ ಬರುವುದು ಅಲ್ಲಿಗೇ. ಮೊದಲು ಹಿಡಿಯುವುದು ಕಲಿಸಿ, ಆಮೇಲೆ ಅವಳ ಸರದಿ ಕೊಡಿ.

ದೊಡ್ಡವರಲ್ಲಿ ಬ್ಯಾಟಿಂಗ್ ತಂಡದಿಂದ ಪಿಚ್ ಮಾಡುವವರೊಬ್ಬರು, ಒಂದನೇ ಮತ್ತು ಮೂರನೇ ಬೇಸ್ ಪಕ್ಕ ಒಬ್ಬೊಬ್ಬರು ನಿಲ್ಲುತ್ತಾರೆ. ಫೀಲ್ಡಿಂಗ್ ತಂಡದ ಒಬ್ಬರೋ ಇಬ್ಬರೋ ಔಟ್‌ಫೀಲ್ಡ್‌ನಲ್ಲಿ ನಿಂತು ಮಕ್ಕಳಿಗೆ ಹೇಳಿಕೊಡಲು ಸಾಮಾನ್ಯವಾಗಿ ಅವಕಾಶವಿದೆ. ಅವರು ಚೆಂಡು ಮುಟ್ಟುವಂತಿಲ್ಲ, ಮಕ್ಕಳ ಕೈ ಹಿಡಿದು ಎಳೆಯುವಂತಿಲ್ಲ. ಕ್ಯಾಚರ್ ಹಿಂದೆ ಇನ್ನೊಬ್ಬ ದೊಡ್ಡವರನ್ನು ನಿಲ್ಲಿಸಿಕೊಳ್ಳಿ. ತಪ್ಪಿಹೋದ ಚೆಂಡನ್ನೆಲ್ಲ ಕ್ಯಾಚರ್ ಓಡಿಹೋಗಿ ತರಬೇಕೆಂದರೆ ಪಂದ್ಯದ ಅರ್ಧ ಸಮಯ ಅದರಲ್ಲೇ ಕಳೆಯುತ್ತದೆ.

ಹಂತ 4: ಚೆಂಡು ಹಾಕುವುದು

ನಿಯಮದ ಹಾಳೆಯಲ್ಲಿ ಇದಕ್ಕೆ ಒಂದೇ ಸಾಲು ಇರುತ್ತದೆ: ಕೋಚ್ ವೃತ್ತದೊಳಗಿಂದ, ತೋಳು ಕೆಳಗಿನಿಂದ ಬೀಸಿ ಪಿಚ್ ಮಾಡಬೇಕು. ಆದರೆ ಇಡೀ ಪಂದ್ಯ ನಿಂತಿರುವುದು ಈ ಒಂದು ಕೆಲಸದ ಮೇಲೆ. ತಂಡದಲ್ಲಿ ಯಾರಿಗೆ ಆಟ ಚೆನ್ನಾಗಿ ಗೊತ್ತೋ ಅವರೇ ಪಿಚ್ ಮಾಡಬೇಕೆಂದಿಲ್ಲ. ಯಾರ ಕೈಯಿಂದ ಒಂದೇ ತರಹದ ಚೆಂಡು ಮತ್ತೆ ಮತ್ತೆ ಬರುತ್ತದೋ ಅವರು ಮಾಡಲಿ.

ಮಕ್ಕಳ ಮೇಲಿನ ಅಕ್ಕರೆಯಿಂದ ದೊಡ್ಡವರು ಸಾಮಾನ್ಯವಾಗಿ ಮಾಡುವುದು ಚೆಂಡನ್ನು ಮೇಲಕ್ಕೆ ತೇಲಿಸಿ ನಿಧಾನವಾಗಿ ಹಾಕುವುದು. ಸುಲಭವಾಗಲಿ ಎಂಬ ಉದ್ದೇಶ ಒಳ್ಳೆಯದೇ, ಆದರೆ ಆ ಚೆಂಡು ಹೊಡೆಯುವುದಕ್ಕೆ ಕಷ್ಟ. ಮಗುವಿನ ಬ್ಯಾಟ್ ಬರುವುದು ಹೆಚ್ಚುಕಡಿಮೆ ನೆಲಕ್ಕೆ ಸಮಾನವಾಗಿ. ಮೇಲಿಂದ ಕಡಿದಾಗಿ ಬೀಳುವ ಚೆಂಡು ಆ ದಾರಿಯನ್ನು ಒಂದೇ ಒಂದು ಕ್ಷಣ ಕತ್ತರಿಸಿ ಹೋಗುತ್ತದೆ. ಅದೇ ಕ್ಷಣಕ್ಕೆ ಬ್ಯಾಟ್ ಅಲ್ಲಿರಬೇಕು. ಹೆಚ್ಚು ಏರಿಳಿತವಿಲ್ಲದೆ ಚಪ್ಪಟೆಯಾಗಿ ಬರುವ ಚೆಂಡು ಬ್ಯಾಟ್ ಬೀಸುವ ದಾರಿಯಲ್ಲೇ ಬಹುದೂರ ಬರುತ್ತದೆ. ಸ್ವಲ್ಪ ಬೇಗ ಬೀಸಿದರೂ ತಾಗುತ್ತದೆ, ಸ್ವಲ್ಪ ತಡವಾದರೂ ತಾಗುತ್ತದೆ. ಆದ್ದರಿಂದ ಚೆಂಡು ಚಪ್ಪಟೆಯಾಗಿ, ಮಧ್ಯಮ ವೇಗದಲ್ಲಿ ಬರಲಿ. ಎತ್ತರದ ಕೋಚ್‌ಗಳು ಒಂದು ಮೊಣಕಾಲು ನೆಲಕ್ಕೂರಿ ಹಾಕಿದರೆ ಇದು ಸಲೀಸು. ಲೀಗ್ ಒಪ್ಪುತ್ತದೆಯೇ ಕೇಳಿಕೊಳ್ಳಿ.

ಕ್ರಮ ಹೀಗಿರಲಿ. ಚೆಂಡನ್ನು ಎದೆಯ ಮುಂದೆ ಹಿಡಿದು ಬ್ಯಾಟರ್‌ಗೆ ತೋರಿಸಿ. ಅವಳು ಚೆಂಡು ನೋಡುತ್ತಿದ್ದಾಳೆ, ಬ್ಯಾಟ್ ಹೆಗಲ ಹತ್ತಿರ ಎತ್ತಿದ್ದಾಳೆ ಎಂದು ಖಚಿತವಾದ ಮೇಲೆ ತೋಳನ್ನು ಹಿಂದಕ್ಕೆ ಒಯ್ದು ಮುಂದಕ್ಕೆ ತನ್ನಿ, ಸೊಂಟದ ಪಕ್ಕದಲ್ಲಿ ಕೈಬಿಡಿ. ಪ್ರತಿ ಸಲವೂ ಅದೇ ಲಯ. ಗುರಿ ಪ್ಲೇಟಿನ ನಡುಭಾಗ, ಎತ್ತರ ಅವಳ ಸೊಂಟದ ಮಟ್ಟ. ನಿಮ್ಮ ಸೊಂಟವಲ್ಲ, ಅವಳದು. ಮೂರೂವರೆ ಅಡಿ ಎತ್ತರದ ಮಗುವಿಗೂ ನಾಲ್ಕೂವರೆ ಅಡಿಯವಳಿಗೂ ಒಂದೇ ಕಡೆ ಚೆಂಡು ಹಾಕಿದರೆ ಒಬ್ಬಳಿಗೆ ಅದು ಕತ್ತಿನ ಮಟ್ಟಕ್ಕೆ ಬರುತ್ತದೆ. ಬ್ಯಾಟರ್ ಬದಲಾದಾಗಲೆಲ್ಲ ಒಂದು ಕ್ಷಣ ಅವಳ ಎತ್ತರ ನೋಡಿಕೊಳ್ಳಿ.

ಅವಳು ಚೆಂಡು ಬರುವ ಮೊದಲೇ ಬೀಸಿಬಿಡುತ್ತಿದ್ದರೆ ನಿಮ್ಮ ಪಿಚ್ ತೀರಾ ನಿಧಾನ ಎಂದರ್ಥ. ಪ್ರತಿ ಸಲ ತಡವಾಗುತ್ತಿದ್ದರೆ ವೇಗ ಕುಗ್ಗಿಸಿ ಚೆಂಡು ತೇಲಿಸುವುದಕ್ಕಿಂತ, ಅವಳನ್ನು ಬ್ಯಾಟರ್ ಚೌಕದಲ್ಲಿ ಒಂದು ಹೆಜ್ಜೆ ಹಿಂದಕ್ಕೆ ನಿಲ್ಲಿಸುವುದು ಮೇಲು. ಪಿಚ್‌ಗಳ ನಡುವೆ 'ಮೊಣಕೈ ಎತ್ತು, ಕಾಲು ಅಗಲಿಸು, ತಲೆ ಅಲುಗಿಸಬೇಡ' ಎಂದು ಒಂದೇ ಉಸಿರಿಗೆ ಹೇಳಬೇಡಿ. ಮಗುವಿನ ತಲೆಯಲ್ಲಿ ಆಗ ಒಂದೇ ಮಾತಿಗೆ ಜಾಗ ಇರುತ್ತದೆ: ಚೆಂಡು ನೋಡು. ಉಳಿದಿದ್ದೆಲ್ಲ ಅಭ್ಯಾಸದ ದಿನಕ್ಕೆ.

ನೀವೂ ಅಭ್ಯಾಸ ಮಾಡಿ. ಹೋಂ ಪ್ಲೇಟ್ ಹಿಂದೆ ಒಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಇನ್ನೊಂದು ಇಟ್ಟರೆ ಚಿಕ್ಕ ಬ್ಯಾಟರ್‌ಳ ಸೊಂಟದ ಎತ್ತರ ಹತ್ತಿರ ಹತ್ತಿರ ಸಿಗುತ್ತದೆ. ಅದಕ್ಕೆ ಗುರಿಯಿಟ್ಟು ಪಂದ್ಯಕ್ಕೆ ಮೊದಲು ಇಪ್ಪತ್ತು ಚೆಂಡು ಹಾಕಿ. ಮಕ್ಕಳಿಗೆ ವಾರ್ಮ್ ಅಪ್ ಮಾಡಿಸುವ ಕೋಚ್‌ಗಳು ತಮ್ಮ ತೋಳನ್ನು ಮರೆತುಬಿಡುತ್ತಾರೆ. ಆಮೇಲೆ ಮೊದಲ ಮೂರು ಬ್ಯಾಟರ್‌ಗಳ ಪಿಚ್‌ಗಳೇ ಅವರ ವಾರ್ಮ್ ಅಪ್ ಆಗಿಬಿಡುತ್ತವೆ, ಪಾಪ ಆ ಮೂವರಿಗೆ.

ಹಂತ 5: ಬ್ಯಾಟರ್‌ಳ ಲೆಕ್ಕ

ಇಲ್ಲಿ ಬಾಲ್ ಲೆಕ್ಕವಿಲ್ಲ, ಆದ್ದರಿಂದ ಬೀಸದೆಯೇ ಬೇಸ್‌ಗೆ ನಡೆದು ಹೋಗುವ ವಾಕ್ ಇಲ್ಲ. ಪಿಚ್ ಮೈಗೆ ತಾಗಿದರೂ ಬೇಸ್ ಸಿಗುವುದಿಲ್ಲ. ಬೀಸದೆ ಬಿಟ್ಟ ಚೆಂಡಿಗೆ ಅಂಪೈರ್ ಸ್ಟ್ರೈಕ್ ಕೊಡುವುದೂ ಸಾಮಾನ್ಯವಾಗಿ ಇಲ್ಲ. ಎಣಿಸುವುದು ಎರಡೇ: ಒಟ್ಟು ಎಷ್ಟು ಪಿಚ್ ಆಯಿತು, ಎಷ್ಟು ಸ್ಟ್ರೈಕ್ ಆಯಿತು. ಬೀಸಿಯೂ ಚೆಂಡು ತಾಗದಿದ್ದರೆ ಸ್ಟ್ರೈಕ್. ಸಾಫ್ಟ್‌ಬಾಲ್‌ನ ಮಾಮೂಲಿ ನಿಯಮದಂತೆ ಎರಡು ಸ್ಟ್ರೈಕ್ ಆಗುವವರೆಗೆ ಫೌಲ್, ಅಂದರೆ ಬ್ಯಾಟ್‌ಗೆ ತಾಗಿ ಗೆರೆಯಾಚೆ ಹೋದ ಚೆಂಡು, ಕೂಡ ಸ್ಟ್ರೈಕೇ. ಐದು ಪಿಚ್ ಇರುವ ಲೀಗ್ ಎಂದಿಟ್ಟುಕೊಳ್ಳಿ. ಮೂರು ಸ್ಟ್ರೈಕ್ ಆದರೆ ಔಟ್, ಅಥವಾ ಐದು ಪಿಚ್ ಮುಗಿದರೂ ಚೆಂಡು ಮೈದಾನದೊಳಗೆ ಹೋಗದಿದ್ದರೆ ಔಟ್.

ಒಂದು ವಿನಾಯಿತಿ ಇದೆ. ಐದನೇ ಪಿಚ್ ಫೌಲ್ ಆದರೆ ಅವಳು ಔಟ್ ಅಲ್ಲ, ಆರನೆಯದು ಸಿಗುತ್ತದೆ. ಅದೂ ಫೌಲ್ ಆದರೆ ಏಳನೆಯದು. ಉದಾಹರಣೆಗೆ, ಮೊದಲನೆಯದನ್ನು ಬಿಟ್ಟಳು, ಎರಡನೆಯದಕ್ಕೆ ಬೀಸಿ ತಪ್ಪಿಸಿಕೊಂಡಳು, ಮೂರನೆಯದನ್ನು ಬಿಟ್ಟಳು, ನಾಲ್ಕನೆಯದು ಫೌಲ್. ಈಗ ನಾಲ್ಕು ಪಿಚ್, ಎರಡು ಸ್ಟ್ರೈಕ್. ಐದನೆಯದು ಮತ್ತೆ ಫೌಲ್ ಆಯಿತು, ಆಟದಲ್ಲಿ ಉಳಿದಳು. ಆರನೆಯದನ್ನು ಬೀಸದೆ ಬಿಟ್ಟಳು. ಪಿಚ್ ಮುಗಿದಿದ್ದರಿಂದ ಔಟ್. ಚೆಂಡು ಕೆಟ್ಟದಾಗಿತ್ತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಹಾಕಿದ್ದು ಅವಳದೇ ಕೋಚ್. ಅದಕ್ಕೇ ಕೊನೆಯ ಪಿಚ್ ಹಾಕುವ ಮೊದಲು ಅಂಪೈರ್ 'ಕೊನೆಯದು' ಎಂದು ಗಟ್ಟಿಯಾಗಿ ಹೇಳಬೇಕು, ಮಗುವಿಗೆ ಕೇಳುವಂತೆ.

ಐದು ಪಿಚ್ ಮುಗಿದವಳನ್ನು ಔಟ್ ಕೊಡುವ ಬದಲು ಟೀ ಬಾಲ್ ಸ್ಟ್ಯಾಂಡ್ ತಂದಿಟ್ಟು ಹೊಡೆಸುವ ಲೀಗ್‌ಗಳಿವೆ. ಸೀಸನ್ ಶುರುವಿನ ವಾರಗಳಲ್ಲಿ, ಅದರಲ್ಲೂ ಆರು ವರ್ಷದವರಿಗೆ, ಇದು ಒಳ್ಳೆಯ ಪದ್ಧತಿ.

ಬಂಟ್ ಮಾಡುವಂತಿಲ್ಲ; ಬ್ಯಾಟನ್ನು ಅಡ್ಡ ಹಿಡಿದು ಚೆಂಡು ತಾಗಿಸಿ ಓಡುವುದು ಇಲ್ಲಿ ಆಟವಲ್ಲ. ಮೂರನೇ ಸ್ಟ್ರೈಕ್ ಚೆಂಡನ್ನು ಕ್ಯಾಚರ್ ಬಿಟ್ಟರೂ ಬ್ಯಾಟರ್ ಒಂದನೇ ಬೇಸ್‌ಗೆ ಓಡುವಂತಿಲ್ಲ. ಬ್ಯಾಟ್ ಎಸೆದು ಓಡುವ ಅಭ್ಯಾಸ ಇದ್ದರೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಔಟ್ ಎಂಬುದು ಸಾಮಾನ್ಯ ಕ್ರಮ. ಬ್ಯಾಟನ್ನು ಕೆಳಗೆ ಬಿಟ್ಟು ಓಡುವುದನ್ನು ಮೊದಲ ದಿನದಿಂದಲೇ ಅಭ್ಯಾಸ ಮಾಡಿಸಿ.

ಹಂತ 6: ಚೆಂಡು ಹೊಡೆದ ಮೇಲೆ

ಕ್ರಿಕೆಟ್ ನೋಡಿ ಗೊತ್ತಿರುವವರು ಇಲ್ಲಿ ಎರಡು ವಿಷಯ ಮನಸ್ಸಿಗೆ ತಂದುಕೊಳ್ಳಬೇಕು. ಚೆಂಡು ಹೋಂ ಪ್ಲೇಟಿನ ಮುಂದೆ, ಅಲ್ಲಿಂದ ಒಂದನೇ ಮತ್ತು ಮೂರನೇ ಬೇಸ್ ಕಡೆ ಹೋಗುವ ಎರಡು ಗೆರೆಗಳ ಒಳಗೆ ಹೋದರೆ ಮಾತ್ರ ಆಟ. ಹಾಗೆ ಹೋದರೆ ಬ್ಯಾಟರ್ ಓಡಲೇಬೇಕು, ನಿಲ್ಲುವ ಆಯ್ಕೆ ಇಲ್ಲ. ನೆಲದಲ್ಲಿ ಉರುಳಿದ ಚೆಂಡು ಒಂದನೇ ಅಥವಾ ಮೂರನೇ ಬೇಸ್ ದಾಟುವ ಮೊದಲೇ ಗೆರೆಯಾಚೆ ಹೋಗಿ ನಿಂತರೆ ಫೌಲ್. ಬೇಸನ್ನೇ ತಾಗಿದರೆ ಫೇರ್. ಗೆರೆಯೂ ಒಳಗಿನದೇ.

ರನ್ನರ್‌ಗಳು ಬ್ಯಾಟ್‌ಗೆ ಚೆಂಡು ತಾಗುವವರೆಗೂ ಬೇಸ್ ಬಿಡಬಾರದು. ದೊಡ್ಡವರ ಸಾಫ್ಟ್‌ಬಾಲ್‌ನಲ್ಲಿ ಪಿಚರ್ ಕೈಯಿಂದ ಚೆಂಡು ಹೊರಟ ಕೂಡಲೇ ಹೊರಡಬಹುದು. ಇಲ್ಲಿ ಬೇಸ್ ಕದಿಯುವುದೇ, ಅಂದರೆ ಹೊಡೆತವಿಲ್ಲದೆ ಮುಂದಿನ ಬೇಸ್‌ಗೆ ಓಡುವುದೇ, ಇಲ್ಲದ್ದರಿಂದ ಅದರ ಅಗತ್ಯವಿಲ್ಲ. ಹೊಡೆದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದರೆ ಬ್ಯಾಟರ್ ಔಟ್. ಓಡಿದವರು ತಮ್ಮ ಬೇಸ್‌ಗೆ ವಾಪಸ್ ಬಂದು ಮುಟ್ಟಬೇಕು, ಅಷ್ಟರಲ್ಲಿ ಚೆಂಡು ಅಲ್ಲಿಗೆ ಬಂದರೆ ಅವರೂ ಔಟ್.

ಮಕ್ಕಳಿಗೆ ಎಷ್ಟು ಹೇಳಿದರೂ ಗೊಂದಲವಾಗುವುದು ಫೋರ್ಸ್ ಔಟ್. ಹಿಂದಿನವಳು ಬರುತ್ತಿರುವುದರಿಂದ ಮುಂದಿನವಳು ಜಾಗ ಬಿಡಲೇಬೇಕಾದರೆ, ಅವಳು ಹೋಗುತ್ತಿರುವ ಬೇಸನ್ನು ಚೆಂಡು ಹಿಡಿದ ಫೀಲ್ಡರ್ ಮೆಟ್ಟಿದರೆ ಸಾಕು, ಔಟ್. ಹಾಗೆ ಒತ್ತಾಯವಿಲ್ಲದೆ ಓಡುತ್ತಿದ್ದರೆ ಚೆಂಡಿರುವ ಕೈಯಿಂದ ಅವಳನ್ನು ಮುಟ್ಟಲೇಬೇಕು. ಇದನ್ನು ಬಾಯಲ್ಲಿ ವಿವರಿಸಬೇಡಿ. ಮಕ್ಕಳನ್ನೇ ಬೇಸ್‌ಗಳ ಮೇಲೆ ನಿಲ್ಲಿಸಿ ನಿಧಾನವಾಗಿ ನಡೆಸಿ ತೋರಿಸಿ. ಹಿಂದಿನವಳು ಬೇಸ್‌ಗೆ ಬಂದಾಗ ಇಬ್ಬರಿಗೂ ಅಲ್ಲಿ ಜಾಗವಿಲ್ಲ ಎಂಬುದು ಕಾಲಿಗೇ ತಿಳಿಯುತ್ತದೆ. ಬೇಸ್‌ಗಳ ಆಸುಪಾಸಿನ ಇನ್‌ಫೀಲ್ಡ್‌ನಲ್ಲಿ ಸುಲಭವಾಗಿ ಹಿಡಿಯಬಹುದಾದ ಎತ್ತರದ ಹೊಡೆತವನ್ನು ಹಿಡಿಯದಿದ್ದರೂ ಕೆಲವೊಮ್ಮೆ ಔಟ್ ಕೊಡುವ ಇನ್‌ಫೀಲ್ಡ್ ಫ್ಲೈ ನಿಯಮ ಈ ಹಂತದಲ್ಲಿ ಸಾಮಾನ್ಯವಾಗಿ ಇಲ್ಲ, ಅದನ್ನು ಕಲಿಸಲು ಹೋಗಬೇಡಿ.

ಚೆಂಡು ಕೈಯಲ್ಲಿಲ್ಲದ ಫೀಲ್ಡರ್ ಓಟದ ಹಾದಿಯಲ್ಲಿ ಅಡ್ಡ ನಿಲ್ಲಬಾರದು. ಚೆಂಡು ಹಿಡಿಯಲು ಹೊರಟವಳಿಗೆ ರನ್ನರ್ ಅಡ್ಡ ಬರಬಾರದು. ತಲೆ ಮುಂದೆ ಮಾಡಿ ಜಾರುವುದು ಬೇಡ; ಲಿಟಲ್ ಲೀಗ್‌ನಲ್ಲಿ ಈ ವಯಸ್ಸಿನವರು ಮುಂದಿನ ಬೇಸ್‌ಗೆ ಹೋಗುವಾಗ ಹಾಗೆ ಜಾರಿದರೆ ಔಟ್.

ಹೊಡೆದ ಚೆಂಡು ಪಿಚ್ ಮಾಡುವ ಕೋಚ್‌ಗೆ ತಾಗಿದರೆ? ಬಹಳ ಕಡೆ ಆ ಪಿಚ್ಚನ್ನೇ ಲೆಕ್ಕಕ್ಕೆ ಹಿಡಿಯದೆ ಮತ್ತೆ ಹಾಕಿಸುತ್ತಾರೆ. ಕೆಲವು ಕಡೆ ಚೆಂಡು ಡೆಡ್, ಬ್ಯಾಟರ್‌ಗೆ ಒಂದನೇ ಬೇಸ್, ಒತ್ತಾಯವಿರುವ ರನ್ನರ್‌ಗಳಿಗೆ ಒಂದು ಬೇಸ್. ಇನ್ನು ಕೆಲವು ಕಡೆ ಆಟ ಹಾಗೆಯೇ ಮುಂದುವರಿಯುತ್ತದೆ. ಕೋಚ್ ಬೇಕೆಂದೇ ಅಡ್ಡಬಂದರೆ ಮಾತ್ರ ಬ್ಯಾಟರ್ ಔಟ್ ಎನ್ನುವ ನಿಯಮ ವ್ಯಾಪಕ. ಚೆಂಡು ಹೊಡೆದ ಕೂಡಲೇ ಕೋಚ್ ಮಾಡಬೇಕಾದದ್ದು ಒಂದೇ: ಚೆಂಡು ಎತ್ತ ಹೋಗುತ್ತಿದೆಯೋ ಅದರ ಎದುರು ದಿಕ್ಕಿಗೆ ಸರಿದು, ಫೌಲ್ ಗೆರೆಯ ಕಡೆ ಹೊರಟುಬಿಡುವುದು. ಅಲ್ಲಿ ನಿಂತು ರನ್ನರ್‌ಗಳಿಗೆ 'ಓಡು, ಓಡು' ಎಂದು ಕೂಗುವುದನ್ನು ಕೆಲವು ಲೀಗ್‌ಗಳು ನಿಷೇಧಿಸಿವೆ. ಆ ಕೆಲಸಕ್ಕೆ ಬೇಸ್ ಪಕ್ಕದ ಇಬ್ಬರಿದ್ದಾರೆ.

ಹಂತ 7: ಆಟ ನಿಲ್ಲುವುದು ಯಾವಾಗ

ಕೋಚ್ ಪಿಚ್‌ನಲ್ಲಿ ಅಂಪೈರ್‌ಗೆ ಅತಿ ಕಷ್ಟದ ತೀರ್ಪು ಇದೇ. ಇದಕ್ಕೆ ಒಂದು ಗೆರೆ ಎಳೆಯದಿದ್ದರೆ ಏನಾಗುತ್ತದೆ ನೋಡಿ: ಚೆಂಡು ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕೈಗೆ ಬಂತು, ಅವಳು ಒಂದನೇ ಬೇಸ್‌ಗೆ ಎಸೆದಳು, ಅದು ತಲೆಯ ಮೇಲೆ ಹೋಯಿತು, ರನ್ನರ್ ಎರಡನೇ ಬೇಸ್‌ಗೆ ಓಡಿದಳು, ಚೆಂಡು ತಂದವಳು ಎರಡಕ್ಕೆ ಎಸೆದಳು, ಅದೂ ತಪ್ಪಿತು, ರನ್ನರ್ ಮೂರಕ್ಕೆ, ಅಲ್ಲಿಂದ ಹೋಂಗೆ. ನಿಧಾನವಾಗಿ ಉರುಳಿದ ಹೊಡೆತಕ್ಕೆ ಹೋಂ ರನ್, ಅಂದರೆ ಒಂದೇ ಹೊಡೆತಕ್ಕೆ ಪೂರ್ತಿ ಸುತ್ತು. ಇದರಿಂದ ಫೀಲ್ಡರ್‌ಗಳು ಕಲಿಯುವ ಪಾಠ ಒಂದೇ: ಚೆಂಡನ್ನು ಎಸೆಯಲೇಬಾರದು, ಹಿಡಿದುಕೊಂಡು ನಿಂತುಬಿಡಬೇಕು. ಅದು ಕೆಟ್ಟ ಪಾಠ.

ಅದಕ್ಕೆ ಎರಡು ಕಟ್ಟುಪಾಡುಗಳಿವೆ. ಒಂದು, ಗುರಿ ತಪ್ಪಿದ ಥ್ರೋಗೆ ರನ್ನರ್‌ಗಳು ಒಂದೇ ಬೇಸ್ ಮುಂದೆ ಹೋಗಬಹುದು, ಅದೂ ಔಟ್ ಆಗುವ ಅಪಾಯವನ್ನು ತಾವೇ ಹೊತ್ತು. ಕೆಲವು ಲೀಗ್‌ಗಳು ಒಂದೂ ಕೊಡುವುದಿಲ್ಲ. ಒಂದು ಆಟಕ್ಕೆ ಒಂದೇ ಥ್ರೋವನ್ನು ಲೆಕ್ಕಕ್ಕೆ ಹಿಡಿಯುವವರೂ ಇದ್ದಾರೆ. ನನ್ನ ಮಟ್ಟಿಗೆ ಒಂದು ಬೇಸ್ ಸರಿಯಾದ ಅಳತೆ. ಎಸೆಯಲು ಧೈರ್ಯ ಉಳಿಯುತ್ತದೆ, ಓಡುವವಳಿಗೂ ಕಣ್ಣು ತೆರೆದು ಆಡಲು ಕಾರಣವಿರುತ್ತದೆ.

ಎರಡನೆಯದು ವೃತ್ತ. ಚೆಂಡು ವೃತ್ತದೊಳಗೆ ಪಿಚರ್ ಜಾಗದ ಹುಡುಗಿಯ ಕೈಯಲ್ಲಿ ಭದ್ರವಾಗಿದ್ದು, ಅವಳು ಯಾರನ್ನೂ ಔಟ್ ಮಾಡಲು ಹೊರಡದೆ ನಿಂತಾಗ ಅಂಪೈರ್ ಎರಡೂ ಕೈ ಮೇಲೆತ್ತಿ 'ಟೈಮ್' ಎನ್ನುತ್ತಾರೆ. ಆ ಕ್ಷಣ ರನ್ನರ್ ಅರ್ಧದ ಗೆರೆ ದಾಟಿದ್ದರೆ ಮುಂದಿನ ಬೇಸ್ ಅವಳದು, ದಾಟಿಲ್ಲದಿದ್ದರೆ ಹಿಂದಿನದಕ್ಕೆ ವಾಪಸ್. ಗೆರೆ ಎಳೆದಿದ್ದರೆ ಇದಕ್ಕೆ ಐದು ಸೆಕೆಂಡ್. ಎಳೆಯದಿದ್ದರೆ ಎರಡೂ ಕಡೆಯ ಪೋಷಕರು ಬೇಲಿಗೆ ಅಂಟಿಕೊಂಡು ಕೂಗಾಡುವಷ್ಟು ಹೊತ್ತು. ಕೆಲವು ಕಡೆ ಚೆಂಡು ಇನ್‌ಫೀಲ್ಡ್‌ನಲ್ಲಿ ಯಾರದಾದರೂ ಕೈಯಲ್ಲಿ ಭದ್ರವಾದರೂ ಆಟ ನಿಲ್ಲಿಸುತ್ತಾರೆ. ಆಗ ರನ್ನರ್ ಇನ್ನೂ ಓಡುತ್ತಿದ್ದರೆ ಮುಂದಿನ ಬೇಸ್‌ವರೆಗೆ ಬಿಡಬೇಕೇ ಬೇಡವೇ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಫೀಲ್ಡಿಂಗ್ ಅಭ್ಯಾಸದಲ್ಲಿ ಪ್ರತಿ ಆಟದ ಕೊನೆಗೂ 'ಚೆಂಡು ವೃತ್ತಕ್ಕೆ' ಎಂದು ಎಲ್ಲರ ಕೈಯಲ್ಲೂ ಹೇಳಿಸಿ. ಇದು ಕೈಗೂಡಿದ ತಂಡ ಎದುರಾಳಿಗೆ ಬಿಟ್ಟಿ ಬೇಸ್ ಕೊಡುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಹಂತ 8: ಇನ್ನಿಂಗ್ಸ್ ಮುಗಿಸುವುದು

ಮೂರು ಔಟ್ ಆದರೆ ಇನ್ನಿಂಗ್ಸ್ ಮುಗಿಯಿತು. ಆದರೆ ಈ ವಯಸ್ಸಿನಲ್ಲಿ ಮೂರು ಔಟ್ ಮಾಡುವುದು ಹುಡುಗಾಟವಲ್ಲ. ಅದಕ್ಕಾಗಿ ರನ್ ಮಿತಿ, ಸಾಮಾನ್ಯವಾಗಿ ಐದು. ನಾಲ್ಕು ರನ್ ಆಗಿದ್ದು, ಬೇಸ್‌ಗಳೆಲ್ಲ ತುಂಬಿದ್ದು, ಮುಂದಿನ ಹೊಡೆತಕ್ಕೆ ಇಬ್ಬರು ಹೋಂ ತಲುಪಿದರೂ ಎಣಿಸುವುದು ಐದನೇ ರನ್ ಒಂದನ್ನೇ. ಕೆಲವು ಲೀಗ್‌ಗಳು ಕೊನೆಯ ಇನ್ನಿಂಗ್ಸ್‌ಗೆ ಮಿತಿ ತೆಗೆಯುತ್ತವೆ. ರನ್ ಬದಲು 'ಸರದಿಯ ಎಲ್ಲರೂ ಒಮ್ಮೆ ಬ್ಯಾಟ್ ಮಾಡಿದರೆ ಮುಗಿಯಿತು' ಎನ್ನುವವರೂ ಇದ್ದಾರೆ. ಹಾಗಿದ್ದರೆ ಕೊನೆಯ ಬ್ಯಾಟರ್ ಬಂದಾಗ ಅಂಪೈರ್ ಎರಡೂ ತಂಡಗಳಿಗೆ ಅದನ್ನು ಹೇಳಬೇಕು. ಸಮಯದ ಮಿತಿಯೂ ಇರುತ್ತದೆ. ಇಂತಿಷ್ಟು ಹೊತ್ತಿನ ನಂತರ ಹೊಸ ಇನ್ನಿಂಗ್ಸ್ ಶುರು ಮಾಡುವಂತಿಲ್ಲ. ಗಡಿಯಾರ ನೋಡುವವರು ಯಾರು ಎಂದು ಪಂದ್ಯಕ್ಕೆ ಮೊದಲೇ ಗೊತ್ತುಮಾಡಿ.

ಔಟ್ ಆದವಳು ಬೇಸ್ ಬಿಟ್ಟು ಡಗೌಟ್‌ಗೆ ಬರಬೇಕು. 'ಪಾಪ, ಅಲ್ಲೇ ನಿಲ್ಲಲಿ' ಎಂದು ಬಿಡುವ ಅಭ್ಯಾಸ ಟೀ ಬಾಲ್‌ಗೆ ಸರಿ. ಇಲ್ಲಿ ಹಾಗೆ ಬಿಟ್ಟರೆ ಕಷ್ಟಪಟ್ಟು ಔಟ್ ಮಾಡಿದ ಫೀಲ್ಡರ್‌ಗೆ ಅನ್ಯಾಯವಾಗುತ್ತದೆ. ಎಂಟು ವರ್ಷದ ಹುಡುಗಿ ನೆಲದ ಚೆಂಡು ಹಿಡಿದು, ಸರಿಯಾಗಿ ಎಸೆದು, ಇನ್ನೊಬ್ಬಳು ಅದನ್ನು ಹಿಡಿದು ಬೇಸ್ ಮೆಟ್ಟುವುದು ಎಷ್ಟು ದೊಡ್ಡ ಸಾಧನೆ ಎಂಬುದು ಹತ್ತಿರದಿಂದ ನೋಡಿದವರಿಗೆ ಗೊತ್ತು. ಔಟ್ ಆಗಿ ಬಂದವಳ ಬೆನ್ನು ತಟ್ಟಿ, ಔಟ್ ಮಾಡಿದವರಿಗೂ ಚಪ್ಪಾಳೆ ಹೊಡೆಯಿರಿ.

ಹಂತ 9: ಮಕ್ಕಳ ಕೈಗೆ ಪಿಚಿಂಗ್ ದಾಟಿಸುವುದು

ಎಂಟು ವರ್ಷದವರ ಸೀಸನ್ ಅರ್ಧ ದಾಟಿದ ಮೇಲೆ ಕೆಲವು ಲೀಗ್‌ಗಳು ಮಿಶ್ರ ಪದ್ಧತಿಗೆ ಹೋಗುತ್ತವೆ. ಫೀಲ್ಡಿಂಗ್ ತಂಡದ ಹುಡುಗಿಯೇ ಪಿಚ್ ಶುರು ಮಾಡುತ್ತಾಳೆ, ಬಾಲ್ ಮತ್ತು ಸ್ಟ್ರೈಕ್ ಎಣಿಸುತ್ತಾರೆ. ನಾಲ್ಕು ಬಾಲ್ ಆದರೆ ವಾಕ್ ಕೊಡುವುದಿಲ್ಲ. ಅದರ ಬದಲು ಬ್ಯಾಟರ್‌ಳ ಕೋಚ್ ವೃತ್ತಕ್ಕೆ ಬಂದು ಮುಂದುವರಿಸುತ್ತಾರೆ. ಆವರೆಗೆ ಆಗಿದ್ದ ಸ್ಟ್ರೈಕ್‌ಗಳು ಹಾಗೆಯೇ ಉಳಿಯುತ್ತವೆ. ಎರಡು ಸ್ಟ್ರೈಕ್ ಆಗಿದ್ದರೆ ಕೋಚ್‌ನ ಮೊದಲ ಪಿಚ್‌ಗೇ ಬೀಸಿ ತಪ್ಪಿಸಿಕೊಂಡರೂ ಔಟ್. ಕೋಚ್‌ಗೆ ಎಷ್ಟು ಪಿಚ್ ಎಂಬುದು ಲೀಗ್‌ಗೆ ಬಿಟ್ಟಿದ್ದು.

ಈ ಪದ್ಧತಿಯಲ್ಲಿ ಕೋಚ್ ಒಳಗೆ ಬರುವಾಗ ಪಿಚ್ ಮಾಡುತ್ತಿದ್ದ ಹುಡುಗಿಯನ್ನು ಹೊರಗೆ ಕಳಿಸಬಾರದು. ಅವಳು ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದು, ವೃತ್ತದೊಳಗೇ ಫೀಲ್ಡರ್ ಆಗಿ ನಿಲ್ಲುತ್ತಾಳೆ. ಮುಂದಿನ ಬ್ಯಾಟರ್ ಬಂದಾಗ ಚೆಂಡು ಮತ್ತೆ ಅವಳ ಕೈಗೆ ಹೋಗಬೇಕು. ಒಬ್ಬಳಿಗೆ ಒಂದು ಪಂದ್ಯದಲ್ಲಿ ಒಂದು ಇನ್ನಿಂಗ್ಸ್ ಸಾಕು. ಪಿಚ್ ಮಾಡಬೇಕೆಂದು ಕೈ ಎತ್ತಿದ ಎಲ್ಲರ ಹೆಸರೂ ಪಟ್ಟಿಯಲ್ಲಿರಲಿ. ಮೊದಲ ಸಲ ನಿಂತವಳು ಹಾಕಿದ ನಾಲ್ಕೂ ಬಾಲ್ ಆದರೆ ಚೆಂಡು ಇಸಿದುಕೊಳ್ಳುವ ಎದುರು ತಂಡದ ಕೋಚ್ ಅವಳಿಗೆ ಒಂದು ಒಳ್ಳೆಯ ಮಾತು ಹೇಳಿ ಆಮೇಲೆ ಪ್ಲೇಟಿನತ್ತ ತಿರುಗಲಿ. ವೃತ್ತದೊಳಗೆ ಆ ಹೊತ್ತಿನಲ್ಲಿ ಅವಳ ಹತ್ತಿರ ಇರುವ ದೊಡ್ಡವರು ಅವರೊಬ್ಬರೇ.